ಚೌಕಳಿ ಕೌದಿಯೊಳಗಿನ ಸೂಜಿ ಮೊನೆ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಅಕ್ಕನ ಹೊರತು ಯಾರೂ ಉಳಿದಿರಲಿಲ್ಲ. ಉಳಿದವರಿಗೆಲ್ಲ ಅವಳು ಗೆರೆಯಮ್ಮ. ಕಾಲು ಮಷೀನಿನಲ್ಲಿ ಕೌದಿಯ ಮೇಲೆ ಅವಳು ಹೊಡೆಯುವ ಗೆರೆ ದಾರ ಜಗ್ಗಿ ಹಿಡಿದ ಹಾಗೆ ನೇರ. ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಹತ್ತಿ. ಮೂರನ್ನೂ ಗುಂಡುಸೂಜಿ ಚುಚ್ಚಿ ಒಂದು ಮಾಡಿ, ನಟ್ಟನಡುವಿನ ಗೆರೆಯಿಂದ ಶುರು ಮಾಡಬೇಕು. ಆಮೇಲೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಒಂದು ಅಂಚಿನಿಂದಲೇ ಹೊಲಿದುಕೊಂಡು ಹೋದರೆ ಬಟ್ಟೆ ಸರಿದು ಸುಕ್ಕು ಬೀಳುತ್ತದೆ. ಉದ್ದದ ಗೆರೆ ಮುಗಿದ ಮೇಲೆ ಅಡ್ಡದ ಗೆರೆ, ಎರಡು ಬೆರಳಗಲಕ್ಕೆ ಒಂದೊಂದು. ಆಗ ಚೌಕಳಿ ಕೂಡುತ್ತದೆ.

ಸೂಜಿ ಮುರಿದರೆ ಅವಳದೊಂದು ಕಟ್ಟುನಿಟ್ಟು ಇತ್ತು. ಚೂರುಗಳನ್ನೆಲ್ಲ ಹುಡುಕಿ, ಬಿಳಿ ಕಾಗದದ ಮೇಲೆ ಹೊಸ ಸೂಜಿಯ ಪಕ್ಕ ಜೋಡಿಸಿ, ಅಳತೆ ಸರಿಹೋದ ಮೇಲೆಯೇ ಮುಂದಿನ ಹೊಲಿಗೆ. ಮೂವತ್ತು ವರ್ಷ ಈ ನೇಮ ತಪ್ಪಿರಲಿಲ್ಲ. ತಪ್ಪಿದ್ದು ಮಹಡಿ ಮನೆಯ ಕೂಸಿನ ಕೌದಿಯಲ್ಲಿ.

ಮಹಡಿಯಲ್ಲಿದ್ದವಳು ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದ ಹುಡುಗಿ. ಆವತ್ತು ಮಧ್ಯಾಹ್ನ ಕೂಸನ್ನು ಆಸ್ಪತ್ರೆಯಿಂದ ಮನೆಗೆ ತರುವವಳಿದ್ದಳು. ಗೆರೆಯಮ್ಮನಿಗೆ ಇನ್ನೂ ನಾಲ್ಕು ಅಡ್ಡ ಗೆರೆ ಉಳಿದಿದ್ದವು. ಎರಡು ತೇಪೆ ಕೂಡಿದ ದಪ್ಪ ಜಾಗದಲ್ಲಿ ಮಷೀನು ಮುಗ್ಗರಿಸಿತು. ಮಷೀನಿನ ಹಲ್ಲೇ ಬಟ್ಟೆಯನ್ನು ಒಯ್ಯಲಿ ಎಂದು ತಾಳಬೇಕಿತ್ತು. ಅವಸರಕ್ಕೆ ಹಿಂದಿನಿಂದ ಎಳೆದಳು. ಟಕ್ ಅಂತು. ಕಣ್ಣಿಗೆ ಬಿದ್ದ ಚೂರುಗಳನ್ನು ತಟ್ಟೆಗೆ ಹಾಕಿ, ಹೊಸ ಸೂಜಿ ಸಿಕ್ಕಿಸಿ, ಉಳಿದ ಗೆರೆ ಹೊಡೆದು, ಸುತ್ತಲೂ ಅಂಚಿನ ಪಟ್ಟಿ ಮಡಚಿ ಹೊಲಿದಳು. ಕೌದಿ ಬಿಸಿಬಿಸಿಯಾಗಿಯೇ ಮಹಡಿಗೆ ಹೋಯಿತು.

ಮರುದಿನ ಬೆಳಿಗ್ಗೆ ಕಿಟಕಿಯ ಹತ್ತಿರ ಕೂತು ಚೂರುಗಳನ್ನು ಜೋಡಿಸಿದಳು. ಒಂದು ಜೀರಿಗೆ ಕಾಳಿನಷ್ಟು ಕಡಿಮೆ ಬಂತು. ತಿರುಗಿಸಿ ಜೋಡಿಸಿದಳು. ಅಷ್ಟೇ. ಸೂಜಿಯ ಕಣ್ಣಿದೆ, ಮೊನೆ ಇಲ್ಲ.



ಮಷೀನಿನ ತಗಡು ಬಿಚ್ಚಿದಳು. ಬಾಬಿನ್ ತೆಗೆದು, ಕೆಳಗಿನ ಧೂಳನ್ನೆಲ್ಲ ಕುಂಚದಲ್ಲಿ ಕಾಗದಕ್ಕೆ ಗುಡಿಸಿದಳು. ಬರೀ ಹತ್ತಿಯ ನಾರು. ಅಯಸ್ಕಾಂತ ಹಿಡಿದು ನೆಲದ ಮೇಲೆ ಮಂಡಿಯೂರಿ ಹರಿದಾಡಿದಳು.

"ಏನೇ ಅದು, ಈ ವಯಸ್ಸಲ್ಲಿ ಅಂಬೆಗಾಲು ಕಲೀತಿದ್ದೀಯ?" ಅಂದಳು ಅಕ್ಕ, ಕುರ್ಚಿಯಿಂದಲೇ.

"ಮೊನೆ ಕಾಣ್ತಿಲ್ಲ ಅಕ್ಕಾ."

"ಎಲ್ಲೋ ಹಾರಿರತ್ತೆ ಬಿಡು. ಸಾಸಿವೆಯಷ್ಟಿರೋದಕ್ಕೆ ಸಾವಿರ ಯೋಚನೆ."

"ಕೌದಿಯೊಳಗಿದ್ರೆ?"

ಅಕ್ಕ ಕುರ್ಚಿಯಿಂದ ಎದ್ದಳು. "ಹೋಗು. ಮೊದ್ಲು ಹೋಗು," ಅಂದಳು.

ಇಪ್ಪತ್ತೆರಡು ಮೆಟ್ಟಿಲು. ಹನ್ನೊಂದನೆಯದಕ್ಕೆ ಕೂಸಿನ ಅಳು ಕೇಳಿಸಿತು. ಹಸಿದ ಅಳುವೋ, ನೋವಿನ ಅಳುವೋ ಅವಳಿಗೆ ಗೊತ್ತಾಗಲಿಲ್ಲ. ಮೂರು ಹೆತ್ತವಳಿಗೆ ಗೊತ್ತಾಗಲಿಲ್ಲ! ಬಾಗಿಲು ತಲುಪುವಷ್ಟರಲ್ಲಿ ಅಳು ನಿಂತಿತ್ತು. ಅದು ಇನ್ನೂ ಹೆಚ್ಚು ಹೆದರಿಸಿತು.

"ಮೆಲ್ಲಗೆ ಬನ್ನಿ ದೊಡ್ಡಮ್ಮಾ," ಅಂದಳು ಹುಡುಗಿ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. "ಬೆಳಗಿಂದ ಒಂದೇ ರಾಗ. ಈಗ ತಾನೇ ಕಣ್ಣು ಮುಚ್ಚಿದಾನೆ."

ಕೂಸು ಚೌಕಳಿಯ ಮೇಲೆ ಅಂಗಾತ ಮಲಗಿತ್ತು.

"ಕೌದಿ ಕೊಡಮ್ಮಾ. ಒಂದು ಮೂಲೆ ಹೊಲಿಗೆ ಬಿಟ್ಟಿದೆ."

"ಬಿಟ್ರೆ ಬಿಡ್ಲಿ, ಸಂಜೆ ಕೊಡ್ತೀನಿ. ಎಬ್ಬಿಸಿದ್ರೆ ನನ್ನ ಗತಿ?"

ಹೂಂ ಅಂದು ತಿರುಗಬಹುದಿತ್ತು. ಸಂಜೆ ಹುಡುಕಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಕೂಸು ಕಾಲು ಒದ್ದು ಬೆನ್ನು ಹೊರಳಿಸಿತು. ಗೆರೆಯಮ್ಮ ಮುಂದಕ್ಕೆ ಧಾವಿಸಿದಳು.

"ಎತ್ಕೋ! ಎತ್ಕೋ ಅವನನ್ನ! ಮೂಲೆ ಅಂದಿದ್ದು ಸುಳ್ಳು. ಸೂಜಿ ಮುರಿದಿತ್ತು. ಮೊನೆ ಸಿಕ್ಕಿಲ್ಲ."

ಹುಡುಗಿಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಮರುಕ್ಷಣ ಕೂಸನ್ನು ಬಾಚಿ ಎತ್ತಿ, ಅಂಗಿ ಕಳಚಿ, ಬೆನ್ನು ತಿರುಗಿಸಿದಳು. ಎಡಭುಜದ ಕೆಳಗೆ ಒಂದು ಕೆಂಪು ಚುಕ್ಕೆ.

ಕೂಸು ಕಿರುಚಿತು.

"ಇದೇನಿದು? ದೊಡ್ಡಮ್ಮಾ, ಇದೇನು ಇದು?"

"ಸೊಳ್ಳೆ ಇರಬಹುದು."

"ಇರಬಹುದು ಅಂದ್ರೆ? ಒಳಗೆ ಹೋಗಿದ್ರೆ?"

"ಕೌದಿಯಲ್ಲಿ ಸಿಕ್ಕಿದ್ರೆ ಒಳಗಿಲ್ಲ. ಹುಡುಕೋಣ. ಸಿಗದೆ ಇದ್ರೆ ಆಸ್ಪತ್ರೆಗೆ ಹೋಗೋಣ, ನಾನೂ ಬಂದು ನನ್ನ ಬಾಯಿಂದಲೇ ಹೇಳ್ತೀನಿ."

ಸೂಜಿ ಮುರಿದ ಜಾಗ ಅವಳಿಗೆ ಚೆನ್ನಾಗಿ ಗೊತ್ತು. ಉದ್ದದ ಗೆರೆಗಳ ನಡುವೆ ಒಂದೊಂದು ಓಣಿ. ಮೊನೆ ಒಳಗೆ ಬಿದ್ದಿದ್ದರೆ ಆ ಓಣಿಯಲ್ಲೇ ಬಿದ್ದಿರಬೇಕು. ಆಮೇಲಿನ ಅಡ್ಡ ಗೆರೆ ಹೊಡೆದು ಅದನ್ನು ಚೌಕದ ಒಂದು ಮನೆಯಲ್ಲಿಟ್ಟು ಬೀಗ ಹಾಕಿದವಳು ಅವಳೇ. ಬೆರಳಲ್ಲಿ ಒತ್ತಿದಳು. ಅಷ್ಟು ವರ್ಷ ಸೂಜಿ ಚುಚ್ಚಿಸಿಕೊಂಡ ಬೆರಳಿಗೆ ಏನೂ ತಿಳಿಯಲಿಲ್ಲ. ಬಗ್ಗಿ ತುಟಿಯಿಂದ ಒತ್ತಿದಳು. ಆ ಓಣಿಯ ಐದು ಮನೆಯೂ ಮೆತ್ತಗೆ. ಪಕ್ಕದ ಓಣಿಯೂ ಮೆತ್ತಗೆ. ಅದರಾಚೆಯದೂ.

ಒಂದೊಂದು ಮನೆ ಖಾಲಿ ಎಂದಾಗಲೂ ಆ ಕೆಂಪು ಚುಕ್ಕೆ ದೊಡ್ಡದಾಗುತ್ತಿತ್ತು. ಅವಳು ಅದರ ಕಡೆ ನೋಡುತ್ತಿರಲಿಲ್ಲ, ಆದರೂ ಆಗುತ್ತಿತ್ತು. ತುಟಿ ನಡುಗಿ, ಒತ್ತಿದ್ದೇ ಗೊತ್ತಾಗದೆ, ಒಂದು ಸಾಲನ್ನು ಮೊದಲಿಂದ ನೋಡಬೇಕಾಯಿತು. ಹುಡುಗಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಇನ್ನೊಂದು ಕಡೆಯಿಂದ ಬಗ್ಗಿದಳು. ಕೊನೆಯ ಚೌಕವೂ ಮುಗಿಯಿತು.

"ಇಲ್ಲ," ಅಂದಳು ಗೆರೆಯಮ್ಮ. "ಚಪ್ಪಲಿ ಹಾಕ್ಕೋ, ಹೊರಡೋಣ."

ಹುಡುಗಿ ಏಳಲು ಕೌದಿಯ ಅಂಚಿಗೆ ಕೈ ಊರಿದಳು. ಹಾ ಎಂದು ಕೈ ಎತ್ತಿದಳು. ಅಂಗೈಯಲ್ಲಿ ರಕ್ತದ ಒಂದು ಹನಿ.

ಮೊನೆ ಒಳಕ್ಕೆ ಬಿದ್ದೇ ಇರಲಿಲ್ಲ. ಹಾರಿ ಬಟ್ಟೆಯ ಅಂಚಿನ ಮೇಲೆ ಬಿದ್ದಿತ್ತು. ಅದರ ಸಮೇತ ಅಂಚನ್ನು ಮಡಚಿ ಹೊಲಿದಿದ್ದಳು. ಗೆರೆಯಮ್ಮ ಹೊಲಿಗೆ ಬಿಚ್ಚಿ, ಮೊನೆಯನ್ನು ಬಿಳಿ ಬಟ್ಟೆಗೆ ಉದುರಿಸಿ, ಸೆರಗಿಗೆ ಗಂಟು ಹಾಕಿ ತಂದಿದ್ದ ಚೂರುಗಳನ್ನು ತೆಗೆದು ಜೋಡಿಸಿದಳು. ಕೂದಲೆಳೆಯೂ ಉಳಿಯದೆ ಕೂಡಿತು.

"ಪೂರ್ತಿ ಇದೆ. ನೋಡು. ನೀನೇ ನೋಡಮ್ಮಾ."

ಹುಡುಗಿ ಮೂರು ಸಲ ನೋಡಿದಳು. ಆಮೇಲೆ ಗೋಡೆಗೆ ಒರಗಿ ಕೂಸಿನ ತಲೆಯ ಮೇಲೆ ಮುಖವಿಟ್ಟು ಅತ್ತಳು. ಅತ್ತು ಮುಗಿದ ಮೇಲೆ ಕೂಸನ್ನು ಮಲಗಿಸಲು ಒಂದು ಟವೆಲು ಹಾಸಿದಳು. ಕೌದಿಯನ್ನು ಕಾಲಿನಿಂದ ಅತ್ತ ಸರಿಸಿದಳು. ಸರಿಸಿದ್ದು ತನಗೇ ಕಂಡು, "ತಪ್ಪು ತಿಳ್ಕೋಬೇಡಿ ದೊಡ್ಡಮ್ಮಾ, ಇದರ ಮೇಲೆ ಮಲಗಿಸೋಕೆ ನನಗೆ ಧೈರ್ಯ ಬರಲ್ಲ," ಅಂದಳು.

"ನಾನಾಗಿದ್ರೂ ಮಲಗಿಸ್ತಿರಲಿಲ್ಲ."

ಗೆರೆಯಮ್ಮ ಕೌದಿ ಮಡಚಿ ಕಂಕುಳಲ್ಲಿಟ್ಟು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಸಿಕ್ತಾ?"

"ಸಿಕ್ತು."

"ಕೂಸು?"

"ಚೆನ್ನಾಗಿದೆ."

"ಮತ್ಯಾಕೆ ಹೀಗೆ ನಡುಗ್ತೀಯ?"

"ಅವಳು ಕೈ ಬೇರೆ ಕಡೆ ಊರಿದ್ದಿದ್ರೆ ಅಕ್ಕಾ," ಅಂದಳು ಗೆರೆಯಮ್ಮ. ಹೊಸ್ತಿಲ ಮೇಲೆಯೇ ಕೂತುಬಿಟ್ಟಳು.