ದಾಸವಾಳಕ್ಕೆ ಹತ್ತಿದ ಹಿಟ್ಟು ತಿಗಣೆ

ಅಂಗಳದ ಕೆಂಪು ದಾಸವಾಳಕ್ಕೆ ರೋಗ ಬಿದ್ದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ತಪ್ಪು ಔಷಧ ಹಾಕಿದ್ದು. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳಿಗೆ ಕನ್ನಡಕ ಏರಿಸಿಕೊಂಡು ನೋಡುವಷ್ಟು ವ್ಯವಧಾನ ಇರಲಿಲ್ಲ. ಚಿಗುರಿನ ಮೇಲೆ ಬಿಳಿ ಪುಡಿ ಕಂಡಿತು. ಬೂದಿ ರೋಗವೆಂದು ನಿಂತಲ್ಲೇ ತೀರ್ಪು ಕೊಟ್ಟು ಗಂಧಕದ ಪುಡಿ ಉದುರಿಸಿದೆ. ಹದಿನೈದು ದಿನದಲ್ಲಿ ಎಲೆ ಇನ್ನಷ್ಟು ಮುರುಟಿ, ಮೊಗ್ಗುಗಳು ಅರಳುವ ಮೊದಲೇ ಉದುರತೊಡಗಿದವು.

ಗಿಡ ಅತ್ತೆಯವರದು. ಹಳೇ ಬಾಗಲಕೋಟೆಯ ನಮ್ಮ ಮನೆ ಅಣೆಕಟ್ಟಿನ ಹಿನ್ನೀರಿನ ಪಾಲಾಗುವ ಮುನ್ನ ಎಲ್ಲರೂ ಬಾಗಿಲು, ಕಿಟಕಿ, ತೊಲೆ ಕಿತ್ತು ನವನಗರಕ್ಕೆ ಸಾಗಿಸುತ್ತಿದ್ದರೆ, ಅತ್ತೆ ಹಿತ್ತಲಿಗೆ ಹೋಗಿ ಗೇಣುದ್ದದ ಒಂದು ಟೊಂಗೆ ಮುರಿದು ಹಸಿ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಿದ್ದರು. ತಾಯಿಗಿಡ ನೀರಿನಡಿ ಹೋಯಿತು, ಉಳಿದದ್ದು ಇದೊಂದೇ. ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುವಾಗ ಅವರಿಗೆ ಇದರದೇ ಹೂವು ಬೇಕು. ಈಗ ಬರೀ ಪತ್ರಿ ಏರಿಸಿ ಏಳುತ್ತಿದ್ದರು. ನನಗೆ ಒಂದು ಮಾತೂ ಅನ್ನುತ್ತಿರಲಿಲ್ಲ. ಅಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕೊನೆಗೊಂದು ದಿನ ಆ ಬಿಳಿಯನ್ನು ಬೆರಳಿನಿಂದ ಒತ್ತಿದೆ. ಬೂದಿಯಾಗಿದ್ದರೆ ಉದುರಬೇಕಿತ್ತು. ಇದು ಪಿಚಕ್ಕೆಂದು ಒಡೆದು ಬೆರಳಿಗೆ ಅಂಟಿತು. ಹಿಟ್ಟಿನಲ್ಲಿ ಹೊರಳಾಡಿದಂಥ ಪುಟ್ಟ ಹುಳು, ಹಿಟ್ಟು ತಿಗಣೆ. ಚಿಗುರಿನ ರಸ ಹೀರಿ ಸಿಹಿ ಅಂಟನ್ನು ಕೆಳಗಿನ ಎಲೆಗಳ ಮೇಲೆ ಸುರಿಸಿತ್ತು. ಅಂಟಿನ ಮೇಲೆ ಮಸಿಯಂಥ ಬೂಷ್ಟು ಬೇರೆ.

ಔಷಧದ ಅಂಗಡಿಯವನು ಹತ್ತಿಗೆ ಹೊಡೆಯುವ ಕಡು ವಿಷದ ಬಾಟಲಿ ತೆಗೆದು ಮುಂದಿಟ್ಟ. ಲಿಂಗಕ್ಕೇರುವ ಹೂವಿನ ಗಿಡಕ್ಕೆ ಅದನ್ನು ಹೊಡೆಯಲು ಮನಸ್ಸಾಗದೆ ಬರಿಗೈಲಿ ಬಂದೆ. ತೀರಾ ಕೆಟ್ಟ ತುದಿಗಳನ್ನು ಕತ್ತರಿಸಿ ಸುಟ್ಟೆ. ಪೈಪಿನ ನೀರು ಜೋರಾಗಿ ಬಿಟ್ಟು ತೊಳೆದೆ. ಬೇವಿನ ಎಣ್ಣೆಗೆ ಸಾಬೂನು ನೀರು ಕಲಸಿ ಎಲೆಯ ಅಡಿಗೂ ಸಿಂಪಡಿಸಿದೆ. ಮೊಟ್ಟೆಗಳು ಉಳಿದಿರುತ್ತವೆಂದು ವಾರಕ್ಕೊಮ್ಮೆಯಂತೆ ಮೂರು ಸಲ. ಮೂರು ಸಲವೂ ಹುಳು ಮರಳಿ ಬಂತು. ನನಗೆ ಗಿಡದ ಮೇಲೆಯೇ ಸಿಟ್ಟು ಬಂತು.

ಆಗ ಕಂಡದ್ದು ಇರುವೆ. ಸ್ಟೂಲು ಹಾಕಿಕೊಂಡು ಕುಳಿತು ಸಾಲನ್ನೇ ಹಿಂಬಾಲಿಸಿದೆ. ಮೊಗ್ಗಿನಿಂದ ಟೊಂಗೆ, ಟೊಂಗೆಯಿಂದ ಕಾಂಡ, ಕಾಂಡದಿಂದ ಬುಡ. ಬುಡದಲ್ಲಿ ಗೂಡು, ಗೂಡಿನ ಬಾಯಲ್ಲಿ ಒಂದು ಹಿಡಿ ಸಕ್ಕರೆ. ಅತ್ತೆ ದಿನಾ ಬೆಳಿಗ್ಗೆ ಹಾಕುವ ಸಕ್ಕರೆ. ಇರುವೆಗೆ ಸಕ್ಕರೆ ಹಾಕುವ ಹೆಂಗಸರು ನಮ್ಮ ಓಣಿಯಲ್ಲಿ ಇನ್ನೂ ಇದ್ದಾರೆ, ಪುಣ್ಯದ ಕೆಲಸ. ವರ್ಷಗಟ್ಟಲೆ ಕಣ್ಣೆದುರೇ ನಡೆದಿದ್ದರೂ ನಾನು ಗಮನ ಕೊಟ್ಟಿರಲಿಲ್ಲ. ಸಕ್ಕರೆಗೆಂದು ಬುಡದಲ್ಲೇ ಸಂಸಾರ ಹೂಡಿದ ಇರುವೆ ಮೇಲೇರಿ ತಿಗಣೆಯ ಸಿಹಿಯನ್ನೂ ಕುಡಿಯುತ್ತದೆ, ಅದಕ್ಕೆ ಕಾವಲು ನಿಲ್ಲುತ್ತದೆ, ಮರಿಗಳನ್ನು ಹೊತ್ತು ಹೊಸ ಚಿಗುರಿಗೆ ಬಿಡುತ್ತದೆ.

ಊಟಕ್ಕೆ ಕುಳಿತಾಗ ಇದನ್ನೆಲ್ಲ ಪಾಠದಂತೆ ಒಪ್ಪಿಸಿದೆ. ಗೆದ್ದ ಹುರುಪಿನಲ್ಲಿ ನಾಲಿಗೆಗೆ ಲಗಾಮು ಇರಲಿಲ್ಲ. "ನೀವ ಸಾಕಿದ ಇರಿವಿ ನಿಮ್ಮ ಗಿಡಾ ಕೆಡಸಾಕ ಹತ್ಯಾವ್ರಿ ಅತ್ತಿ" ಎಂದೆ. ಅತ್ತೆ ರೊಟ್ಟಿ ಮುರಿಯುತ್ತಿದ್ದವರು ತುತ್ತನ್ನು ತಾಟಿಗೆ ಇಳಿಸಿ, "ನೀ ಕಲತಾಕಿ. ನಾಳಿಂದ ಹಾಕೂದಿಲ್ಲ ಬಿಡು" ಎಂದರು.

ಬುಡದ ಗೂಡು ಕೆದರಿದೆ, ಕಾಂಡಕ್ಕೆ ಔಡಲ ಎಣ್ಣೆಯಲ್ಲಿ ನೆನೆಸಿದ ಬಟ್ಟೆ ಸುತ್ತಿದೆ. ಇರುವೆ ಹತ್ತುವುದು ನಿಂತಿತು, ಈ ಸಲದ ಬೇವಿನ ಎಣ್ಣೆ ನಾಟಿತು. ಬೆಳಿಗ್ಗೆದ್ದು ಕನ್ನಡಕ ಹಾಕಿಕೊಂಡು ಎಲೆ ಎಲೆ ತಿರುವಿ ನೋಡುವುದೇ ನನಗೊಂದು ಖುಷಿಯಾಯಿತು. ಅದೇ ಹೊತ್ತಿಗೆ ಅತ್ತೆ, ಕಾಲೇಜಿಗೆ ಹೊರಟ ನನ್ನ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿ ಹಣೆ ಮುಟ್ಟುತ್ತಿದ್ದರು, ಕುತ್ತಿಗೆ ಮುಟ್ಟುತ್ತಿದ್ದರು, ರೆಪ್ಪೆ ಎಳೆದು ಕಣ್ಣು ನೋಡುತ್ತಿದ್ದರು. ಮಗಳಿಗೆ ಬಸ್ಸಿನ ಗಡಿಬಿಡಿ, ಗೊಣಗುತ್ತಿದ್ದಳು. ವಯಸ್ಸಾದವರ ಕಾಳಜಿ ಎಂದು ನಾನು ನನ್ನ ಎಲೆಗಳಿಗೆ ಮರಳುತ್ತಿದ್ದೆ.

ಹನ್ನೆರಡನೆಯ ದಿನ ಒಂದು ಹೂವು ಅರಳಿತು. ಕಿತ್ತುಕೊಂಡು ಓಡಿ ಹೋಗಿ ಅತ್ತೆಯ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ.

"ಹುಡಿಗಿ ಮೈಯಾಗ ಅರಾಮ ಅದಾಳಲ್ಲ?" ಎಂದು ಕೇಳಿದರು.

ಆಮೇಲೆ ಹೇಳಿದರು. ಮಗಳು ಏಳು ತಿಂಗಳಿಗೇ ಹುಟ್ಟಿ ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿದ್ದಾಗ, ನಾನು ಬೇರೆ ಕೋಣೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾಗ, ಅತ್ತೆ ಹೊರಗಿನ ಬೆಂಚಿನ ಮೇಲೆ ಕುಳಿತು ಹರಕೆ ಹೊತ್ತಿದ್ದರಂತೆ: ಈ ಕೂಸು ಉಳಿದರೆ ಜೀವ ಇರುವ ತನಕ ಇರುವೆಗೆ ಸಕ್ಕರೆ ತಪ್ಪಿಸುವುದಿಲ್ಲವೆಂದು. ಹದಿನಾರು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ.

"ನೀ ಅಂದಿ ಅಂತ ಬಿಟ್ಟೆ. ಹನ್ನೆರಡ ದಿನಾ ಆತು. ದಿನಾ ಮುಟ್ಟಿ ನೋಡಾಕ ಹತ್ತೇನಿ."

ನನಗೆ ನೆಲ ನೋಡುವಂತಾಯಿತು. ಗಿಡದಿಂದ ದೂರ ಸಕ್ಕರೆ ಹಾಕಿದರೆ ಇರುವೆ ಅಲ್ಲಿಗೇ ಹೋಗುತ್ತದೆ, ಗಿಡಕ್ಕೂ ಒಳ್ಳೆಯದು. ಇದು ನನಗೆ ಗೊತ್ತಿದ್ದ ಮಾತೇ, ಊಟದ ಹೊತ್ತಿಗೆ ಹೇಳಬಹುದಿತ್ತು, ಹೇಳಿರಲಿಲ್ಲ. ಅಡುಗೆಮನೆಯಿಂದ ಒಂದು ಹಿಡಿ ಸಕ್ಕರೆ ತಂದು ಅವರ ಅಂಗೈಗೆ ಹಾಕಿ, ಮೊಣಕೈ ಹಿಡಿದು ಕಂಪೌಂಡಿನ ಆಚೆ ಮೂಲೆಗೆ ಕರೆದುಕೊಂಡು ಹೋದೆ. ಬಗ್ಗಿ ಒಂದು ಕಾಳೂ ಬಿಡದಂತೆ ಸುರಿದರು, ಕೈ ಜಾಡಿಸಿದರು. ಆಮೇಲಷ್ಟೇ ಹೂವಿಗೆ ಕೈ ಚಾಚಿದರು.