ಎರಡನೆಯ ಸಲ ಅಳೆದವರು: ಶ್ರೀಮತಿ ಸುಮಂಗಲಾ ಕಾಂಬಳೆ

ವಿಜಯಪುರದ ಸುತ್ತಮುತ್ತ ಇಂದು ವಾಹನಗಳ ವಿದ್ಯುತ್ ಕೆಲಸದಲ್ಲಿ ಹೆಸರು ಮಾಡಿರುವ ಅನೇಕರು ಮೀಟರು ಹಿಡಿಯಲು ಕಲಿತದ್ದು ಶ್ರೀಮತಿ ಸುಮಂಗಲಾ ಕಾಂಬಳೆಯವರ ಬಳಿ. ಅರಕೇರಿಯ ಕೂಲಿಕಾರ ಕುಟುಂಬದಲ್ಲಿ ಹುಟ್ಟಿ, ನಗರದ ಕೈಗಾರಿಕಾ ತರಬೇತಿ ಸಂಸ್ಥೆಯ ಮೋಟಾರು ವಿಭಾಗಕ್ಕೆ ಮೊದಲ ಮಹಿಳಾ ಬೋಧಕರಾಗಿ ಬಂದು, ಮೂವತ್ತೊಂದು ವರ್ಷ ಪಾಠ ಹೇಳಿದ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಆರಂಭದ ವರ್ಷಗಳಲ್ಲಿ ಹಳ್ಳಿಯ ವಿದ್ಯಾರ್ಥಿಗಳೊಡನೆ ತಮ್ಮ ಬುತ್ತಿ ಹಂಚಿಕೊಂಡದ್ದು, ಬಸ್ಸು ತಪ್ಪಿ ತಡವಾಗಿ ಬಂದವರಿಗೆ ಅದೇ ಪಾಠವನ್ನು ಬೇಸರವಿಲ್ಲದೆ ಮತ್ತೆ ಹೇಳಿದ್ದು ಹಲವರಿಗೆ ನೆನಪಿದೆ. ಆದರೆ ಸಹೋದ್ಯೋಗಿಗಳು ಹೆಚ್ಚಾಗಿ ನೆನೆಯುವುದು 2021ರ ಒಂದು ವ್ಯಾನಿನ ಸಂಗತಿಯನ್ನು.

ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಲ್ಲಿ ಕಣ್ಣು ತಪಾಸಣೆ ನಡೆಸುತ್ತಿದ್ದ ಸೇವಾಸಂಘವೊಂದರ ವ್ಯಾನು ಅದು. ಟ್ಯಾಂಕಿನೊಳಗೆ ಪೆಟ್ರೋಲು ದೂಡುವ ಪಂಪು ಗುಂಯ್‌ಗುಡುತ್ತಿತ್ತು. ಏರು ಹತ್ತುವಾಗ ಎಂಜಿನ್ನು ನಿಂತೇಬಿಡುತ್ತಿತ್ತು. ಚಾಲಕ ಅಶ್ಫಾಕ ಅವರು ವ್ಯಾನನ್ನು ತರಬೇತಿ ಸಂಸ್ಥೆಗೆ ತಂದರು. ಸುಮಂಗಲಾ ಅವರು ಪಂಪಿನ ವೈರು ಬಿಚ್ಚಿ ಮೀಟರು ಹಿಡಿದರು. ಹನ್ನೆರಡು ವೋಲ್ಟು ಪೂರ್ತಿ ಇತ್ತು. ಕರೆಂಟು ಸರಿಯಿದೆ, ಪಂಪು ಹೋಗಿದೆ ಎಂದು ಚೀಟಿ ಬರೆದುಕೊಟ್ಟರು.

ಹೊಸ ಪಂಪು ಬಂತು, ಸದ್ದು ಹೋಗಲಿಲ್ಲ. ಸಂಘದ ವ್ಯವಸ್ಥಾಪಕ ಶಿವಶರಣಪ್ಪನವರ ಅನುಮಾನ ಚಾಲಕನ ಮೇಲೆ ತಿರುಗಿತು. ಪಂಪು ಹೊಸದು, ಕರೆಂಟು ಸರಿಯೆಂದು ಬೋಧಕರೇ ಬರೆದಿದ್ದಾರೆ. ಹಾಗಾದರೆ ಪೆಟ್ರೋಲು ಕದ್ದು ಸೀಮೆಎಣ್ಣೆ ಬೆರೆಸಿರಬೇಕು! ಹನ್ನೊಂದು ವರ್ಷ ವ್ಯಾನು ಓಡಿಸಿದವರ ಕೈಯಿಂದ ಎಲ್ಲರೆದುರು ಕೀಲಿ ಇಸಿದುಕೊಂಡರು.

ಮರುದಿನ ಅಶ್ಫಾಕರ ಹೆಂಡತಿ ಅಬೇದಾ ಬಂದು ತರಗತಿಯ ಬಾಗಿಲಲ್ಲಿ ನಿಂತರು.

"ಮೇಡಂ, ನೀವು ಬರ್ದ ಚೀಟಿ ತೋರ್ಸಿ ನಮ್ಮ ಮನಿಯವರಿಗೆ ಕಳ್ಳ ಅನ್ನಾಕತ್ತಾರ್ರಿ. ಇನ್ನೊಮ್ಮೆ ನೋಡ್ರಿ."

ಸುಮಂಗಲಾ ಅವರು ಮೀಟರನ್ನು ಚೀಲಕ್ಕೆ ಹಾಕಿಕೊಂಡರು. ಮಧ್ಯಾಹ್ನವೇ ಬಸ್ಸು ಹತ್ತಿ ತಿಕೋಟಾದಲ್ಲಿದ್ದ ಸಂಘದ ಕಚೇರಿಗೆ ಹೋದರು. ಈ ಸಲ ವೈರು ಬಿಚ್ಚಲಿಲ್ಲ. ಎಂಜಿನ್ನು ಚಾಲೂ ಇಟ್ಟು, ಪಂಪು ತಿರುಗುತ್ತಿರುವಾಗಲೇ ಅಳೆದರು. ಒಂಬತ್ತೇ ವೋಲ್ಟು! ಪಂಪಿನಿಂದ ವ್ಯಾನಿನ ತಗಡಿಗೆ ಸೇರುವ ಅರ್ಥಿಂಗ್ ವೈರು ಹಿಡಿದು ಹೋಗಿ ಹಿಂದಿನ ಸೀಟು ಎತ್ತಿದರು. ವ್ಯಾನಿಗೆ ಬಣ್ಣ ಹೊಡೆದ ಯಾರೋ ವೈರಿನ ಬೋಲ್ಟನ್ನು ಬಣ್ಣದ ಮೇಲೆಯೇ ಬಿಗಿದಿದ್ದರು. ಕೆಳಗೆ ತುಕ್ಕು ಹಿಡಿದಿತ್ತು. ಬಿಚ್ಚಿಟ್ಟ ವೈರಿನಲ್ಲಿ ಪೂರ್ತಿ ಕಾಣುವ ಕರೆಂಟು, ಪಂಪು ಎಳೆಯತೊಡಗಿದೊಡನೆ ಆ ತುಕ್ಕಿನಲ್ಲಿ ತಡೆದು ಕುಗ್ಗಿಬಿಡುತ್ತಿತ್ತು. ಉಸುಕು ಕಾಗದದಿಂದ ತಗಡು ಹೊಳೆಯುವಂತೆ ಉಜ್ಜಿ ಬೋಲ್ಟು ಬಿಗಿದರು. ಸದ್ದು ಅಡಗಿತು.

"ಅಶ್ಫಾಕಂದು ತಪ್ಪಿಲ್ರಿ, ತಪ್ಪು ನಂದು. ವೈರ್ ಹಚ್ಚಿ ಅಳೀಬೇಕಾಗಿತ್ತು, ಬಿಚ್ಚಿ ಅಳೆದೆ," ಎಂದರು.

"ಹೋಗ್ಲಿ ಬಿಡ್ರಿ ಮೇಡಂ. ರಿಪೇರಿ ಆತಲ್ಲ," ಎಂದರು ಶಿವಶರಣಪ್ಪನವರು.

"ಇನ್ನೂ ಆಗಿಲ್ರಿ. ನನ್ನ ಚೀಟಿ ನಿಮ್ಮ ಫೈಲಿನ್ಯಾಗ ಐತಿ."

ಅಲ್ಲೇ ಕುಳಿತು ಎರಡನೆಯ ಚೀಟಿ ಬರೆದರು: ಮೊದಲ ಪರೀಕ್ಷೆ ನಾನು ತಪ್ಪಾಗಿ ಮಾಡಿದ್ದು, ಚಾಲಕರು ನಿರ್ದೋಷಿ. ಸಹಿ ಹಾಕಿ, ಅಶ್ಫಾಕರನ್ನು ಕರೆಸಿ, ಆರೋಪ ಕೇಳಿದ್ದ ಸಿಬ್ಬಂದಿಯೆದುರು ವ್ಯವಸ್ಥಾಪಕರೇ ಅದನ್ನು ಓದಬೇಕೆಂದು ಪಟ್ಟು ಹಿಡಿದರು. ಶಿವಶರಣಪ್ಪನವರು ಎರಡು ಸಲ ಕನ್ನಡಕ ಸರಿಮಾಡಿಕೊಂಡು ಓದಿದರು. ಓದಿ ಮುಗಿಸಿ, "ನಂದೂ ತಪ್ಪಾತೋ ಅಶ್ಫಾಕ," ಎಂದು ಕೀಲಿ ಮುಂದೆ ಚಾಚಿದರು. ಅಶ್ಫಾಕ ಅವರು ಮುಖ ಒರೆಸಿಕೊಂಡು ಕೀಲಿ ತೆಗೆದುಕೊಂಡರು; ಬಬಲೇಶ್ವರದ ಶಿಬಿರಕ್ಕೆ ಹೊತ್ತಾಗುತ್ತಿದೆಯೆಂದು ಹೊರಟೂಬಿಟ್ಟರು.

ಅಂದಿನಿಂದ ಪ್ರತಿ ತಂಡಕ್ಕೂ ಈ ತಪ್ಪನ್ನು ಸುಮಂಗಲಾ ಅವರು ತಮ್ಮ ಹೆಸರು ಹೇಳಿಯೇ ಪಾಠ ಮಾಡಿದರು. ಈ ವರ್ಷ ಅಶ್ಫಾಕ, ಅಬೇದಾ ದಂಪತಿಯ ಮಗಳು ಆಶಾಬಿ ಮೋಟಾರು ವಿಭಾಗಕ್ಕೆ ಸೇರಿದ್ದಾಳೆ. "ಮೇಡಂ ರಿಟೈರ್ ಆದ್ರ ನಮ್ಮ ಹುಡಿಗಿಗೆ ಕಲಿಸೋರು ಯಾರ್ರಿ?" ಎಂದು ಅಶ್ಫಾಕ ಅವರು ತಕರಾರು ತೆಗೆದದ್ದರಿಂದ, ಶನಿವಾರಗಳಂದು ಬಂದು ಪಾಠ ಹೇಳಲು ಸುಮಂಗಲಾ ಅವರು ಒಪ್ಪಿದ್ದಾರೆ. ಅಂಥ ಶನಿವಾರಗಳು ಅವರಿಗೆ ಇನ್ನೂ ಸಾವಿರಾರು ದೊರೆಯಲಿ, ಆರೋಗ್ಯ ಕೈಬಿಡದಿರಲಿ ಎಂದು ಸಹೋದ್ಯೋಗಿಗಳೆಲ್ಲರೂ ಹಾರೈಸುತ್ತಾರೆ.