ಕಳ್ಳಕವಟಗಿ ಕಾಕಾನ ಫೋನು

ಗೆಳೆಯರೇ, ತಿಕೋಟಾದ ನಮ್ಮ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ಆಫೀಸಿನ ಇಂಟರ್ನೆಟ್ ಫೋನು ಇಂದು ಬೆಳಗಿನಿಂದ ರಿಂಗಾಗುತ್ತಿತ್ತು; ಎತ್ತಿದರೆ ಬರೀ ಮೌನ. "ಹಲೋ, ಹಲೋ" ಎಂದು ಬೇಸತ್ತ ಸಹೋದ್ಯೋಗಿ ಸಾವಿತ್ರಿ ರಿಸೀವರ್ ಹಿಡಿದೇ ಅಂದಳು: "ಫೋನ್ ಕೆಟ್ಟಿದ್ದ ಚೊಲೋ ಆತ್ರಿ. ಇಲ್ಲಂದ್ರ ಕಳ್ಳಕವಟಗಿ ಕಾಕಾ ತಾಸಗಟ್ಲೆ ತಲಿ ತಿಂತಿದ್ದ."

ಪಕ್ಕದ ಕಳ್ಳಕವಟಗಿ ಊರಿನ ಈ ಕಾಕಾ ನಮ್ಮ ದೊಡ್ಡ ಗಿರಾಕಿ.

ಹೊಸ ರೂಟರ್ ಹೊರಗಿನ ದನಿಯನ್ನು ಒಳಗೆ ಬಿಡುತ್ತಿರಲಿಲ್ಲ. ಸೆಟ್ಟಿಂಗ್ ಬದಲಿಸಿದೆ. ಮತ್ತೆ ರಿಂಗಾಯಿತು. ಸ್ಪೀಕರ್ ಒತ್ತಿದರೆ ಕಾಕಾನೇ!

"ಈಗ ನನ್ನ ದನಿ ಕೇಳತೈತೇನ್ರಿ? ನಿಮ್ದು ಮುಂಜಾನಿಂದ ಖಣಖಣ ಕೇಳಾಕತ್ತಿತ್ತು."

ಸಾವಿತ್ರಿಯ ಮುಖ ಬಿಳಿಚಿಕೊಂಡಿತು.

"ಇರ್ಲಿ ಬಿಡವಾ, ನಮ್ಮ ಮನ್ಯಾಗೂ ಹಂಗ ಅಂತಾರ. ಈ ವರ್ಷದ ಮಾಲೂ ನಿಮ್ಮಲ್ಲೇ ಇಡ್ತೇನಿ."

ನಮ್ಮಿಬ್ಬರಿಗೂ ಹೋದ ಉಸಿರು ಬಂತು. ಆಮೇಲೆ ಕಾಕಾ ತಾಸುಗಟ್ಟಲೆ ಮಾತಾಡಿದರು. ಒಂದು ಮಾತೂ ಕಟ್ ಆಗಲಿಲ್ಲ. ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ದೆ.